ಸ್ಟೇಜಿಗೆ ವೆಯ್ಟೆಡ್ ಕೀಬೋರ್ಡ್ ತಗೋಬೇಕು, ಯಾವುದು ಆಗುತ್ತೆ? ಮೈಸೂರು ಮಂಡ್ಯ ಕಡೆಯವರು ಹೇಳಿ

ಬಿಳಿಕಪ್ಪು (ಕುವೆಂಪುನಗರ)
ಎಲ್ಲರಿಗೂ ನಮಸ್ಕಾರ. ನಾನು ಒಂದು ಸುಗಮ ಸಂಗೀತ ತಂಡದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಮದುವೆ ರಿಸೆಪ್ಷನ್‌ಗಳಿಗೆ ಬೇರೆ ಒಂದು ಚಿಕ್ಕ ಬ್ಯಾಂಡ್ ಇದೆ. ಕಲಿತಿದ್ದು ಪಿಯಾನೋ, ಸ್ಟೇಜಿನಲ್ಲಿ ನುಡಿಸುತ್ತಿರುವುದು 61 ಕೀಯ ಹಗುರದ ಅರೇಂಜರ್ (ತಾಳ, ಹಿನ್ನೆಲೆ ತಾನೇ ಕೊಡುವ ಕೀಬೋರ್ಡ್). ಭಾವಗೀತೆಯ ಪಲ್ಲವಿಗೆ ಮುಂಚೆ ಮೆಲ್ಲಗೆ ನಾಲ್ಕು ಸ್ವರ ಇಡೋಣ ಅಂದರೆ ಒಂದು ಕೇಳಿಸುವುದೇ ಇಲ್ಲ, ಮುಂದಿನದು ಕಿವಿಗೆ ಹೊಡೆಯುತ್ತದೆ. ಸಾಕಾಗಿದೆ.

88 ಕೀಯ ವೆಯ್ಟೆಡ್, ಅಂದರೆ ಪಿಯಾನೋ ಥರ ಭಾರದ ಕೀ ಇರುವುದು, ತಗೊಳ್ಳೋಣ ಅಂತ. ಬಜೆಟ್ ಒಂದು ಲಕ್ಷ, ತೀರಾ ಒಳ್ಳೆಯದು ಸಿಕ್ಕರೆ ಸ್ವಲ್ಪ ಮೇಲೆ. ಕಣ್ಣಿಟ್ಟಿರುವುದು ಯಮಾಹಾ ಪಿ-145, ರೋಲ್ಯಾಂಡ್ ಎಫ್‌ಪಿ-30ಎಕ್ಸ್, ಕ್ಯಾಸಿಯೋ ಪಿಎಕ್ಸ್-ಎಸ್3100 ಮೇಲೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ರೋಲ್ಯಾಂಡ್ ಆರ್‌ಡಿ-88. ಕಾರಿಲ್ಲ, ಸ್ಕೂಟರ್ ಇದೆ. ಊರೊಳಗಿನ ಕಾರ್ಯಕ್ರಮಕ್ಕೆ ಆಟೋ, ಮಂಡ್ಯ ಮದ್ದೂರು ಕಡೆ ಹೋದರೆ ತಂಡದ ಓಮ್ನಿ. ಸ್ಟೇಜಿನಲ್ಲಿ ನಿಜವಾಗಿ ನುಡಿಸುವವರು ಹೇಳಿ. ಯೂಟ್ಯೂಬ್ ವಿಡಿಯೋ ಎಲ್ಲ ನೋಡಿ ಆಗಿದೆ. ಅವರು ಯಾರೂ ಚೌಟ್ರಿ ಮೆಟ್ಟಿಲು ಹತ್ತಿದವರಲ್ಲ.

ತಬಲಾ ಪಕ್ಕದವ
ಮೊದಲು ಓಮ್ನಿಯಲ್ಲಿ ಜಾಗ ಇದೆಯಾ ನೋಡಿ ಮೇಡಂ. ಕೀಬೋರ್ಡ್ ಆಮೇಲೆ.

ಹಳೇ ಆರ್ಕೆಸ್ಟ್ರಾ (ಮಂಡ್ಯ)
ನೋಡಮ್ಮ, ಬೇಡ ಅಂತಲೇ ಹೇಳ್ತೀನಿ. ಗಣಪತಿ ಹಬ್ಬ, ಜಾತ್ರೆ, ರಸಮಂಜರಿ ಅಂತ ಈ ಜಿಲ್ಲೆಯ ಎಲ್ಲ ತಾಲ್ಲೂಕಿನಲ್ಲೂ ನುಡಿಸಿದವನು ನಾನು. ಒಂದು ಹಾಡಿನೊಳಗೆ ಪಿಯಾನೋ ಬರುವುದು ಎಲ್ಲೋ ಎರಡು ಕಡೆ. ಉಳಿದದ್ದೆಲ್ಲ ಸ್ಟ್ರಿಂಗ್ಸ್, ಕೊಳಲು, ಶಹನಾಯಿ, ನಡುವೆ ಒಂದು ಬ್ರಾಸ್. ಅದಕ್ಕೆ ಕೈ ಹಾರಬೇಕು. ವೆಯ್ಟೆಡ್ ಕೀ ಮೇಲೆ ಕೊಳಲಿನ ಓಟ ನುಡಿಸಿ ನೋಡಿ, ಬಿಸಿ ಮುದ್ದೆ ಕಟ್ಟಿದ ಹಾಗೆ ಆಗುತ್ತೆ ಬೆರಳು. ರಾತ್ರಿ ಹತ್ತಕ್ಕೆ ಶುರುವಾಗಿ ಎರಡಕ್ಕೆ ಮುಗಿಯುವ ಕಾರ್ಯಕ್ರಮದಲ್ಲಿ ಮಣಿಕಟ್ಟು ಊದಿಕೊಳ್ಳುತ್ತೆ.

ನಮ್ಮ ಕಡೆ ಎಷ್ಟೋ ತಂಡದಲ್ಲಿ ಇಂದಿಗೂ ರೋಲ್ಯಾಂಡಿನ ಎಕ್ಸ್‌ಪಿಎಸ್-10 ಕೀಬೋರ್ಡೇ ನಡೀತಿದೆ. ಯಾಕೆ? ಹಗುರ, ನಮ್ಮ ವಾದ್ಯಗಳ ಸೌಂಡ್ ಇದೆ, ಸ್ವರ ಜಾರಿಸೋ ಬೆಂಡ್ ಲಿವರ್ ಇದೆ. ಅದರ ಮುಂದೆ 88 ಕೀ ಇಟ್ಟುಕೊಂಡು ಏನು ಮಾಡ್ತೀರಿ?

ಪಿಯಾನೋ ಮಿಸ್
ಸರ್, ಅವರು ಕೇಳಿದ್ದು ರಸಮಂಜರಿಗೆ ಅಲ್ಲ. ಸುಗಮ ಸಂಗೀತಕ್ಕೆ. ಅಲ್ಲಿ ಕೀಬೋರ್ಡಿನವರ ಕೆಲಸವೇ ಬೇರೆ. ಹಾಡುವವರು ಉಸಿರು ತಗೊಳ್ಳುವ ಜಾಗದಲ್ಲಿ ಒಂದು ಕಾರ್ಡ್ ಮೆಲ್ಲಗೆ ಬಿಡಬೇಕು. ಹಗುರದ ಕೀಯಲ್ಲಿ ಅದು ಕಷ್ಟ. ಒಳಗಡೆ ಸ್ಪ್ರಿಂಗ್ ಮಾತ್ರ ಇರುತ್ತದೆ, ಬೆರಳಿಗೆ ಭಾರ ಏನೂ ತಗಲುವುದಿಲ್ಲ. ಎಷ್ಟು ಒತ್ತಿದೆ ಅಂತ ಬೆರಳಿಗೇ ಗೊತ್ತಾಗುವುದಿಲ್ಲ.

ಹ್ಯಾಮರ್ ಆಕ್ಷನ್ ಅಂದರೆ ಕೀ ಒತ್ತಿದಾಗ ಒಳಗೆ ಒಂದು ಚಿಕ್ಕ ಸುತ್ತಿಗೆ ಮೇಲೇಳುತ್ತದೆ. ಎಡಗಡೆ ಮಂದ್ರದ ಕೀಗಳು ಭಾರ, ಬಲಗಡೆಗೆ ಹೋದಂತೆ ಹಗುರ. ನಿಜವಾದ ಪಿಯಾನೋದಲ್ಲಿ ನಡುವಿನ ಕೀಯನ್ನು ಕೆಳಗಿಳಿಸಲು ಸುಮಾರು 50 ಗ್ರಾಂ ತೂಕ ಬೇಕು. ಅಷ್ಟೇ. ಅದಕ್ಕೆ ಮಣಿಕಟ್ಟು ಊದಿಕೊಂಡರೆ ತಪ್ಪು ಕೀಯದಲ್ಲ, ಕೂತಿರುವ ಎತ್ತರದ್ದು.

ಹಳೇ ಆರ್ಕೆಸ್ಟ್ರಾ (ಮಂಡ್ಯ)
ಮಿಸ್, ಎತ್ತರ ಸರಿ ಮಾಡೋದಕ್ಕೆ ನಮಗೆ ಸ್ಟೂಲ್ ಎಲ್ಲಿ ಕೊಡ್ತಾರೆ? ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ. ಅದೂ ಕೈ ಇರೋದು. ಮೊಣಕೈ ಆಡಿಸೋಕೇ ಆಗಲ್ಲ.

ಸೌಂಡ್ ಚೆಕ್
ನಾನು ಮೈಕ್ ಸೆಟ್ ಕಡೆಯವನು. ನಿಮ್ಮ ಪಟ್ಟಿಯಲ್ಲಿ ಒಂದನ್ನು ಈಗಲೇ ಹೊಡೆದು ಹಾಕಿ. ಪಿ-145ಗೆ ಲೈನ್ ಔಟ್, ಅಂದರೆ ಮಿಕ್ಸರಿಗೆ ಸೌಂಡ್ ಕೊಡೋ ಜ್ಯಾಕ್, ಇಲ್ಲ. ಹೆಡ್‌ಫೋನ್ ತೂತು ಒಂದೇ. ಹಳೆಯ ಪಿ-45 ಕೂಡ ಹಾಗೇ, ರೋಲ್ಯಾಂಡ್ ಎಫ್‌ಪಿ-10 ಕೂಡ ಹಾಗೇ. ಮನೆಗೆ, ಪಾಠಕ್ಕೆ ಚೆನ್ನಾಗಿವೆ. ಸ್ಟೇಜಿಗೆ ತಂದರೆ ಹೆಡ್‌ಫೋನ್‌ನಿಂದ ಸ್ಟೀರಿಯೋ ತೆಗೆದು ಎರಡು ಮೋನೋ ಮಾಡೋ ವೈ ಕೇಬಲ್ ಹಾಕಬೇಕು. ಅದಕ್ಕೆ ಜ್ಯಾಕ್ ಹಾಕಿದ ತಕ್ಷಣ ಅದರ ಸ್ವಂತ ಸ್ಪೀಕರ್ ಬಂದ್. ನಿಮ್ಮ ಕಡೆ ತಿರುಗಿಸಿದ ಮಾನಿಟರ್ ಸ್ಪೀಕರ್ ಕೊಡದಿದ್ದರೆ ನಿಮಗೆ ನೀವೇ ಕೇಳಿಸಲ್ಲ.

ಎಫ್‌ಪಿ-30ಎಕ್ಸ್, ಪಿಎಕ್ಸ್-ಎಸ್1100, ಪಿಎಕ್ಸ್-ಎಸ್3100, ಆರ್‌ಡಿ-88, ಇವಕ್ಕೆಲ್ಲ ಎಡ ಬಲ ಎರಡು ದೊಡ್ಡ ಜ್ಯಾಕ್ ಇದೆ. ಯಮಾಹಾನೇ ಬೇಕು ಅಂದರೆ ಪಿ-225 ನೋಡಿ, ಅದಕ್ಕೆ ಆಕ್ಸ್ ಔಟ್ ಇದೆ. ರೋಲ್ಯಾಂಡ್ ಆರ್‌ಡಿ-2000, ಯಮಾಹಾ ಸಿಪಿ88 ಮಟ್ಟಕ್ಕೆ ಹೋದರೆ ಎಕ್ಸ್‌ಎಲ್‌ಆರ್ ಕೂಡ ಬರುತ್ತೆ, ಮೈಕ್ ಕೇಬಲ್ಲೇ ನೇರ ಹಾಕಬಹುದು.

ಇನ್ನೊಂದು. ನಮ್ಮಲ್ಲಿ ಹೆಚ್ಚಿನವರು ನಿಮಗೆ ಒಂದೇ ಲೈನ್ ಕೊಡೋದು. ಆಗ ಎಡಗಡೆಯ ಜ್ಯಾಕ್‌ಗೆ ಮಾತ್ರ ಹಾಕಿ, ಅದರ ಮೇಲೆ ಮೋನೋ ಅಂತ ಬರೆದಿರುತ್ತೆ. ಎರಡನ್ನೂ ಹಾಕಿ ಮಿಕ್ಸರಿನಲ್ಲಿ ನಡುವೆ ಸೇರಿಸಿದರೆ ಕೆಲವು ಪಿಯಾನೋ ಸೌಂಡ್ ಒಳಗೊಳಗೇ ಕತ್ತರಿಸಿಕೊಂಡು ತೆಳ್ಳಗಾಗುತ್ತೆ. ಆಮೇಲೆ ‘ಮೈಕ್ ಸೆಟ್ ಸರಿಯಿಲ್ಲ’ ಅಂತ ನಮಗೆ ಬೈಗುಳ.

ಬಿಳಿಕಪ್ಪು (ಕುವೆಂಪುನಗರ)
ಸರ್, ಇದು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ! ಪಿ-145 ಪಟ್ಟಿಯಿಂದ ಔಟ್. @ಹಳೇ ಆರ್ಕೆಸ್ಟ್ರಾ ಅಣ್ಣ, ನೀವು ಹೇಳಿದ್ದು ಸುಗಮ ಸಂಗೀತಕ್ಕೆ ಒಪ್ಪಲ್ಲ, ಆದರೆ ರಿಸೆಪ್ಷನ್ ಬ್ಯಾಂಡ್‌ಗೆ ನಿಜ. ಅಲ್ಲಿ ಹಳೇ ಹಾಡು, ಹೊಸ ಹಾಡು ಎಲ್ಲ ಬೇಕು. ಎರಡಕ್ಕೂ ಆಗುವುದು ಒಂದೇ ಬೇಕಾಗಿದೆ.

ಗಮಕಪ್ರಿಯ
ಬೆಂಡ್ ವೀಲ್ ಇಲ್ಲದ್ದು ತಗೊಂಡರೆ ನಮ್ಮ ಸಂಗೀತಕ್ಕೆ ಅರ್ಧ ಕೈ ಕಟ್ಟಿದ ಹಾಗೇನೇ. ಎಫ್‌ಪಿ-30ಎಕ್ಸ್‌ನಲ್ಲಿ ಅದು ಇಲ್ಲ. ಪಿಎಕ್ಸ್-ಎಸ್1100ನಲ್ಲಿಯೂ ಇಲ್ಲ, 3100ನಲ್ಲಿ ಇದೆ. ಆರ್‌ಡಿ-88ನಲ್ಲಿ ಲಿವರ್ ಇದೆ. ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತ ಆಗಲ್ಲ ಅನ್ನುವವರಿಗೆ ಕೆ. ಸತ್ಯನಾರಾಯಣನ್ ಅವರ ಕಛೇರಿ ಕೇಳಿಸಿ. ಎಡಗೈ ಪೂರ್ತಿ ಬೆಂಡ್ ಮೇಲೇ ಇರುತ್ತೆ.

ತೋಡಿಯ ಗಾಂಧಾರ, ಭೈರವಿಯ ನಿಷಾದ ಪಿಯಾನೋ ಕೀಯಲ್ಲಿ ನಿಂತ ನಿಲುವಿನಲ್ಲೇ ಬಂದರೆ ಮುಂದಿನ ಸಾಲಿನಲ್ಲಿ ಕೂತ ಹಿರಿಯರ ಮುಖ ನೋಡಬೇಕು ನೀವು. ಭಾವಗೀತೆಯಲ್ಲಿ ಅಷ್ಟು ಬೇಡ, ಆದರೂ ಕೊಳಲು ಸಿತಾರ್ ನುಡಿಸುವಾಗ ಬೆಂಡ್ ಇಲ್ಲದೆ ಆಗಲ್ಲ.

ಪಿಯಾನೋ ಮಿಸ್
ಪಿಯಾನೋ ಸೌಂಡಿಗೆ ಬೆಂಡ್ ಹಾಕಿದರೆ ಮಾತ್ರ ದಯವಿಟ್ಟು ನನ್ನ ಹತ್ತಿರ ಕಲಿತೆ ಅಂತ ಹೇಳಬೇಡಿ.

ಗಮಕಪ್ರಿಯ
😄 ಇಲ್ಲ ಮೇಡಂ, ಹೇಳಲ್ಲ.

ತಬಲಾ ಪಕ್ಕದವ
ಯಾರೂ ಕೇಳದ ಪ್ರಶ್ನೆ ಕೇಳ್ತೀನಿ. ಸುಗಮ ಸಂಗೀತ ಅಂದರೆ ನೆಲದ ಮೇಲೆ ಜಮಖಾನ ಹಾಸಿ ಕೂರೋದು ತಾನೇ? ಹಾಡುವವರು, ತಬಲಾ, ಹಾರ್ಮೋನಿಯಂ, ಎಲ್ಲ ಕೆಳಗೆ. ಚಕ್ಕಳಬಕ್ಕಳ ಹಾಕಿ ಕೂತವರು ಸ್ವರ ಎಳೆಯೋ ಪೆಡಲ್ ಹೇಗೆ ಒತ್ತುತ್ತಾರೆ?

ಬಿಳಿಕಪ್ಪು (ಕುವೆಂಪುನಗರ)
ಅಯ್ಯೋ, ಇದೇ ನನ್ನ ದೊಡ್ಡ ತಲೆನೋವು. ಈಗಿನ ಕೀಬೋರ್ಡನ್ನು ಒಂದು ಗಿಡ್ಡ ಮೇಜಿನ ಮೇಲಿಟ್ಟು ನುಡಿಸುತ್ತೇನೆ. ಪೆಡಲ್ ಬಲ ಮಂಡಿಯ ಕೆಳಗೆ. ಮಂಡಿ ಅದುಮಿ ಬಿಡುವುದು. ಒಂದು ಗಂಟೆ ಆದ ಮೇಲೆ ಕಾಲು ಜೋಮು ಹಿಡಿದು, ಪೆಡಲ್ ಒತ್ತಿದೆಯೋ ಬಿಟ್ಟಿದೆಯೋ ಗೊತ್ತಾಗಲ್ಲ.

ಹಳೇ ಆರ್ಕೆಸ್ಟ್ರಾ (ಮಂಡ್ಯ)
ಮಂಡಿಯಲ್ಲಿ ಪೆಡಲ್ಲಾ! ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲವ್ವ.

ಒಂಟಿಕೊಪ್ಪಲಿನವ
ಎಷ್ಟೋ ತಂಡಗಳು ಈಗ ಕೀಬೋರ್ಡಿನವರಿಗೆ ಪಕ್ಕದಲ್ಲಿ ಕುರ್ಚಿ ಸ್ಟ್ಯಾಂಡ್ ಕೊಡುತ್ತವೆ. ತಂಡದ ಮುಖ್ಯಸ್ಥರನ್ನು ಒಪ್ಪಿಸಿ. ‘ಗಾಯಕರಿಗಿಂತ ಎತ್ತರ ಕೂರೋದಾ’ ಅಂತ ಮುಖ ಸಿಂಡರಿಸುವವರು ಇರುತ್ತಾರೆ, ಒಂದು ಕಾರ್ಯಕ್ರಮ ಆದ ಮೇಲೆ ಸುಮ್ನೆ ಆಗುತ್ತಾರೆ. 88 ಕೀಯನ್ನು ನೆಲದಲ್ಲಿಟ್ಟು ನುಡಿಸುವುದು ಆಗದ ಮಾತು. ಮಂದ್ರ ಮುಟ್ಟಬೇಕಾದರೆ ಇಡೀ ಮೈ ಎಡಕ್ಕೆ ವಾಲಬೇಕು.

ಸ್ಟ್ಯಾಂಡ್ ವಿಚಾರ ಬಂತಲ್ಲ, ಒಂದೇ ಕತ್ತರಿಯ ಎಕ್ಸ್ ಸ್ಟ್ಯಾಂಡ್ ತಗೊಳ್ಳಬೇಡಿ. ಹಗುರದ ಕೀಬೋರ್ಡಿಗೆ ಸಾಕು. ವೆಯ್ಟೆಡ್ ಮೇಲೆ ಜೋರಾಗಿ ನುಡಿಸಿದರೆ ಎಡಕ್ಕೆ ಬಲಕ್ಕೆ ಓಲಾಡುತ್ತದೆ. ಎರಡು ಕತ್ತರಿಯದ್ದು, ಇಲ್ಲವೇ ಝಡ್ ಆಕಾರದ್ದು ತಗೊಳ್ಳಿ.

ಸೌಂಡ್ ಚೆಕ್
ಅದರ ತೂಕ ಕೂಡ ಲೆಕ್ಕ ಹಾಕಿ. ಕೀಬೋರ್ಡ್ ಒಂದೇ ಅಲ್ಲ. ಕೇಸು, ಸ್ಟ್ಯಾಂಡು, ಪೆಡಲ್, ಕೇಬಲ್ ಚೀಲ.

ನಾಗಮಂಗಲ ಬಾಯ್
ತೂಕ ತೂಕ ಅಂತೀರಲ್ಲ, ಎಷ್ಟು ಅಂತ ಯಾರಾದ್ರೂ ಹೇಳ್ರಪ್ಪ.

ಒಂಟಿಕೊಪ್ಪಲಿನವ
ಹೇಳ್ತೀನಿ ತಮ್ಮ. ಪಿಎಕ್ಸ್-ಎಸ್3100 ಸುಮಾರು 11.4 ಕೆಜಿ. ಪಿ-225 11.5. ಯಮಾಹಾ ಸಿಕೆ88 13.1. ಆರ್‌ಡಿ-88 13.5. ಯಮಾಹಾ ಎಂಒಡಿಎಕ್ಸ್8 13.8. ಎಫ್‌ಪಿ-30ಎಕ್ಸ್ 14.8, ನೋಡಲು ತೆಳ್ಳಗಿದ್ದರೂ ಹೊರುವಾಗ ಗೊತ್ತಾಗುತ್ತೆ. ಅಲ್ಲಿಂದ ಮೇಲೆ ಬೇರೆ ಲೋಕ: ಸಿಪಿ88 18.6, ಆರ್‌ಡಿ-2000 21.7. ಎಲ್ಲರೂ ಕನಸು ಕಾಣುವ ಸ್ವೀಡನ್ನಿನ ಕೆಂಪು ನಾರ್ಡ್ ಸ್ಟೇಜ್ 3, 88 ಕೀಯದ್ದು 18.5.

ಒಬ್ಬರೇ ಎತ್ತಿ, ಆಟೋದಿಂದ ಇಳಿಸಿ, ಚೌಟ್ರಿಯ ಮೇಲಿನ ಹಾಲ್‌ವರೆಗೆ ಹೊತ್ತು, ಹೋದ ತಕ್ಷಣ ನಡುಗದ ಕೈಯಲ್ಲಿ ನುಡಿಸಬೇಕು. ನನ್ನ ಪ್ರಕಾರ 14ರ ಒಳಗಿರಲಿ. ಅದಕ್ಕೂ ಮೇಲೆ ಹೋದರೆ ಹೊರೋಕೆ ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಕಾರ್ಯಕ್ರಮ ಮುಗಿಯೋ ಹೊತ್ತಿಗೆ ಊಟದ ಪಂಕ್ತಿಯಲ್ಲಿ ಇರ್ತಾರೆ.

ತಬಲಾ ಪಕ್ಕದವ
ಕೊನೇ ಸಾಲು ನನಗೇ ಹೇಳಿದ್ದು ಅನ್ನಿಸುತ್ತಿದೆ.

ನಾಗಮಂಗಲ ಬಾಯ್
88 ಯಾಕೆ ಬೇಕು? 73 ಸಾಕಲ್ವಾ? ಯಮಾಹಾ ಸಿಪಿ73 ಇದೆಯಲ್ಲ.

ಪಿಯಾನೋ ಮಿಸ್
ಅದೂ 13.1 ಕೆಜಿ, ತೂಕದಲ್ಲಿ ಉಳಿತಾಯ ಏನಿಲ್ಲ. ಉದ್ದ ಕಡಿಮೆ, ಅಷ್ಟೇ. ಬೆಲೆ ಇವರ ಬಜೆಟ್ಟಿನಲ್ಲಿ ಇಲ್ಲ. ಆದರೆ ಆಟೋದಲ್ಲಿ ಓಡಾಡುವವರಿಗೆ ಉದ್ದ ಕಡಿಮೆ ಇರುವುದು ದೊಡ್ಡ ವಿಷಯವೇ. 88 ಕೀ ಅಂದರೆ 1.3 ಮೀಟರ್ ಹತ್ತಿರ, ಕೇಸ್ ಸೇರಿದರೆ ಇನ್ನೂ ಜಾಸ್ತಿ. ಆಟೋದ ಸೀಟಿನ ಮೇಲೆ ಅಡ್ಡ ಮಲಗಲ್ಲ. ಓರೆಯಾಗಿ ನಿಲ್ಲಿಸಿ ಕೈಯಲ್ಲಿ ಹಿಡಿದುಕೊಂಡು ಕೂರಬೇಕು.

ಚಾಮುಂಡಿಪುರಂ ಚೇಳು
ಮೈಸೂರಿನಲ್ಲಿ ಪಿಯಾನೋಗೆ ಇಷ್ಟು ಬೇಡಿಕೆ ಯಾವಾಗಿಂದ? ಇದು ವೀಣೆಯ ಊರು ಕಣ್ರಯ್ಯ.

ಒಂಟಿಕೊಪ್ಪಲಿನವ
ವೀಣೆಯ ಊರು ಹೌದು. ಪಿಯಾನೋದ ಊರೂ ಹೌದು. ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್. ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ಸಂಯೋಜಕ ಲಂಡನ್ನಿನಲ್ಲಿ ಕಷ್ಟದಲ್ಲಿದ್ದ. ಅವನ ಕೃತಿಗಳನ್ನು ಅವನೇ ನುಡಿಸಿ ರೆಕಾರ್ಡ್ ಮಾಡಲು ಹಣ ಕೊಟ್ಟದ್ದು ಮೈಸೂರು ಮಹಾರಾಜರು. ಅವನು ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅವರಿಗೇ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಆ ರೆಕಾರ್ಡ್‌ಗಳು ಇರದಿದ್ದರೆ ಅವನ ಕೈಯಲ್ಲಿ ಆ ಸಂಗೀತ ಹೇಗೆ ಬರುತ್ತಿತ್ತು ಅಂತ ಇವತ್ತು ನಮಗೆ ಇಷ್ಟೊಂದು ಕೇಳಸಿಗುತ್ತಿರಲಿಲ್ಲ.

ಗಮಕಪ್ರಿಯ
ಅದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದ್ದಾರೆ. ಎರಡೂ ಒಬ್ಬರಲ್ಲೇ ಇತ್ತು. ಸುಮ್ನೆ ವೀಣೆ ಪಿಯಾನೋ ಜಗಳ ಹಚ್ಚಬೇಡಿ.

ಚಾಮುಂಡಿಪುರಂ ಚೇಳು
ನಾನು ಸುಮ್ನೆ ಚುಚ್ಚಿದೆ, ಇಷ್ಟೊಂದು ಹೊರಗೆ ಬಂತು. ಹೆಸರು ಸಾರ್ಥಕ.

ಸೌಂಡ್ ಚೆಕ್
ವಿಷಯಕ್ಕೆ ಬನ್ನಿ ಸ್ವಾಮಿ. ಆಯಮ್ಮನಿಗೆ ಕೀಬೋರ್ಡ್ ಬೇಕು.

ಸೋಲ್ಡರಿಂಗ್ (ಮೈಸೂರು)
ರಿಪೇರಿ ಕೆಲಸ ನನ್ನದು. ಯಾವ ಕಂಪನಿ ಅಂತ ಹೇಳಲ್ಲ, ಎಲ್ಲರದ್ದೂ ನನ್ನ ಟೇಬಲ್ಲಿಗೆ ಬರುತ್ತೆ. ಮಂಡ್ಯ ಕಡೆಯಿಂದ ಬರುವ ಕೀಬೋರ್ಡ್ ಬಿಚ್ಚಿದರೆ ಏನು ಸಿಗುತ್ತೆ ಗೊತ್ತಾ? ಹುಳ. ಗದ್ದೆ ಪಕ್ಕ ಪೆಂಡಾಲ್, ಮಳೆ ಬಿದ್ದ ಮಾರನೇ ರಾತ್ರಿ ಕಾರ್ಯಕ್ರಮ, ತಲೆ ಮೇಲೆ ಎಲ್‌ಇಡಿ ಪಾರ್ ಲೈಟು. ರೆಕ್ಕೆ ಹುಳವೆಲ್ಲ ಬೆಳಕಿಗೆ ಬಂದು ಕೀ ಮೇಲೆ ಉದುರುತ್ತೆ. ನುಡಿಸುವವರು ಕೈಯಲ್ಲಿ ಸರಿಸಿದಷ್ಟೂ ಕೀ ಸಂದಿಯಲ್ಲಿ ಇಳಿಯುತ್ತೆ. ಮೇಲಿಂದ ಜಾತ್ರೆ ಧೂಳು, ಧನುರ್ಮಾಸದ ಇಬ್ಬನಿ.

ಇದರಿಂದ ಏನಾಗುತ್ತೆ ಅಂದರೆ, ಪ್ರತಿ ಕೀ ಕೆಳಗೆ ರಬ್ಬರ್ ಕಾಂಟ್ಯಾಕ್ಟ್ ಇರುತ್ತೆ. ಕಡಿಮೆ ಅಂದರೆ ಎರಡು. ಒಂದು ಮೊದಲು ತಾಗುತ್ತೆ, ಇನ್ನೊಂದು ಆಮೇಲೆ. ಆ ಎರಡರ ನಡುವಿನ ಸಮಯ ನೋಡಿಯೇ ನೀವು ಜೋರಾಗಿ ಹೊಡೆದಿರೋ ಮೆಲ್ಲಗೆ ಒತ್ತಿದಿರೋ ಅಂತ ಕೀಬೋರ್ಡ್ ತೀರ್ಮಾನ ಮಾಡೋದು. ಒಂದರ ಮೇಲೆ ಕಸ ಕೂತರೆ ಲೆಕ್ಕ ತಪ್ಪುತ್ತೆ. ಒಂದು ಸ್ವರ ಸತ್ತು ಹೋಗುತ್ತೆ, ಇಲ್ಲ ಮೆಲ್ಲಗೆ ಒತ್ತಿದರೂ ಕಿರುಚುತ್ತೆ. @ಬಿಳಿಕಪ್ಪು ಮೇಡಂ, ನೀವು ಮೊದಲೇ ಬರೆದಿದ್ದೀರಲ್ಲ, ಒಂದು ಕೇಳಿಸಲ್ಲ ಮುಂದಿನದು ಕಿವಿಗೆ ಹೊಡೆಯುತ್ತೆ ಅಂತ? ಅದು ಹಗುರದ ಕೀ ಸಮಸ್ಯೆಯೇ ಇರಬಹುದು, ಕಸದ್ದೂ ಇರಬಹುದು. ಯಾವಾಗಲೂ ಅದದೇ ಕೀಗಳಲ್ಲಿ ಆಗುತ್ತಿದ್ದರೆ ಕಸ.

ಬಿಳಿಕಪ್ಪು (ಕುವೆಂಪುನಗರ)
ಈಗ ಹೋಗಿ ನೋಡಿದೆ. ನಡುವಿನ ರಿ ಮತ್ತು ಪ ಯಾವಾಗಲೂ ಕಿರುಚುತ್ತವೆ. ಉಳಿದವು ಹಾಗಲ್ಲ. ಆದರೂ ಹೊಸದು ಬೇಕೇ ಬೇಕು, ತಪ್ಪಿಸಬೇಡಿ. 🙏

ಹಳೇ ಆರ್ಕೆಸ್ಟ್ರಾ (ಮಂಡ್ಯ)
ನೋಡಿದ್ರಾ! ಕ್ಲೀನ್ ಮಾಡಿಸಿದರೆ ಮುಗಿಯೋ ಕೆಲಸಕ್ಕೆ ಒಂದು ಲಕ್ಷ.

ಪಿಯಾನೋ ಮಿಸ್
ಎರಡು ಸ್ವರ ಸರಿ ಹೋಗುತ್ತವೆ ಸರ್, ಕೀ ಭಾರ ಬರುವುದಿಲ್ಲ.

ಕ್ವಾಯರ್ ದನಿ
ಬೇರೆ ಒಂದು ಅನುಭವ. ಚರ್ಚಿನಲ್ಲಿ ನುಡಿಸುತ್ತೇನೆ. ಹೊಸ ಕೀಬೋರ್ಡಿಗೆ ಹಳೆಯ ಪೆಡಲ್ ಹಾಕಿದಾಗ ಎಲ್ಲ ಉಲ್ಟಾ. ಒತ್ತಿದರೆ ಸ್ವರ ನಿಲ್ಲುತ್ತದೆ, ಬಿಟ್ಟರೆ ಎಳೆಯುತ್ತದೆ. ಹಾಡು ಶುರುವಾಗಿಬಿಟ್ಟಿತ್ತು. ಇಡೀ ಹಾಡು ಕಾಲನ್ನು ತಿರುವು ಮುರುವು ಆಡಿಸಿ ಮುಗಿಸಿದೆ. ಇದಕ್ಕೆ ಏನು ಮಾಡುವುದು?

ಸೋಲ್ಡರಿಂಗ್ (ಮೈಸೂರು)
ಪೊಲಾರಿಟಿ, ಅಂದರೆ ಪೆಡಲ್ ಒತ್ತಿದಾಗ ಆನ್ ಆಗುತ್ತೋ ಬಿಟ್ಟಾಗ ಆನ್ ಆಗುತ್ತೋ ಅನ್ನೋದು. ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಪೆಡಲ್ ಅಡಿಯಲ್ಲಿ ಒಂದು ಚಿಕ್ಕ ಸ್ವಿಚ್ ಇರುತ್ತೆ, ಅದನ್ನು ತಿರುಗಿಸಿ. ಇಲ್ಲದಿದ್ದರೆ ಕೀಬೋರ್ಡ್ ಸೆಟ್ಟಿಂಗಿನಲ್ಲಿ ನೋಡಿ. ಎಷ್ಟೋ ಕೀಬೋರ್ಡ್ ಆನ್ ಮಾಡುವಾಗಲೇ ಪೆಡಲ್ ಯಾವುದು ಅಂತ ನೋಡಿಕೊಳ್ಳುತ್ತೆ. ಅದಕ್ಕೇ ಪೆಡಲ್ ಮೊದಲು ಚುಚ್ಚಿ, ಆಮೇಲೆ ಆನ್ ಮಾಡಿ, ಆನ್ ಆಗುವಾಗ ಕಾಲು ದೂರ ಇರಲಿ. ಪೆಡಲ್ ಮಂಡಿ ಕೆಳಗೆ ಇಟ್ಟುಕೊಳ್ಳುವವರು ವಿಶೇಷವಾಗಿ ಗಮನಿಸಿ.

ಸೌಂಡ್ ಚೆಕ್
ಕರೆಂಟ್ ಬಗ್ಗೆ ಯಾರೂ ಮಾತಾಡಲಿಲ್ಲ. ಅಡಾಪ್ಟರ್ ಮೇಲೆ ಬರೆದದ್ದು ಓದಿ. 100-240 ಅಂತ ಇದ್ದರೆ ಹಳ್ಳಿಯ ಕಡಿಮೆ ವೋಲ್ಟೇಜಿಗೂ ನಡೆಯುತ್ತೆ. ಜಾಸ್ತಿ ಬಂದರೆ ಮಾತ್ರ ಯಾವುದೂ ಉಳಿಯಲ್ಲ. ತ್ರೀ ಫೇಸ್ ಜನರೇಟರಿನ ನ್ಯೂಟ್ರಲ್ ವೈರ್ ಸಡಿಲ ಆದರೆ 230 ಬರುವ ಕಡೆ 400ರ ಹತ್ತಿರ ಬರುತ್ತೆ. ಲೈಟಿನವರ ಬೋರ್ಡಿನಿಂದ ಕರೆಂಟ್ ತಗೋಬೇಡಿ, ಸೌಂಡ್ ಕಡೆಯ ಬೋರ್ಡಿನಿಂದಲೇ ತಗೊಳ್ಳಿ. ಒಂದೇ ಕಡೆ ಅರ್ತ್ ಇದ್ದರೆ ಆ ಗುಂಯ್ ಅನ್ನೋ ಹಮ್ ಕೂಡ ಕಡಿಮೆ.

ನಾಗಮಂಗಲ ಬಾಯ್
ಕ್ಯಾಸಿಯೋ ಎಸ್ ಸರಣಿ ಪೆನ್ಸಿಲ್ ಸೆಲ್ಲಲ್ಲಿ ನಡಿಯುತ್ತೆ ಅಲ್ವಾ?

ಒಂಟಿಕೊಪ್ಪಲಿನವ
ಹೌದು. ಪಿಎಕ್ಸ್-ಎಸ್1100 ಮತ್ತು 3100ಗೆ 6 ಡಬಲ್ ಎ ಸೆಲ್. ಹ್ಯಾಮರ್ ಆಕ್ಷನ್ ಇರುವ 88 ಕೀ ಸೆಲ್ಲಲ್ಲಿ ನಡೆಯುವುದು ಚೆನ್ನಾಗಿದೆ. ನಮ್ಮ ಕಡೆ ಹಾಡಿನ ನಡುವೆ ಕರೆಂಟ್ ಹೋಗಿ ಜನರೇಟರ್ ಎತ್ತಿಕೊಳ್ಳುವವರೆಗೆ ಹಾಡುವವರಿಗೆ ಶ್ರುತಿಯಾದರೂ ಸಿಗುತ್ತದೆ. ಆದರೆ 3100ರ ಫಲಕ ಪೂರ್ತಿ ಟಚ್. ಕತ್ತಲೆ ಸ್ಟೇಜಿನಲ್ಲಿ ಬೆವರಿದ ಬೆರಳಿಗೆ ಅದು ನನಗೆ ಹಿಡಿಸಲಿಲ್ಲ. ಟ್ರಾನ್ಸ್‌ಪೋಸ್ (ಶ್ರುತಿ ಏರಿಸಿ ಇಳಿಸುವುದು) ಬದಲಿಸುವಾಗ ಕೈಗೆ ಒಂದು ಬಟನ್ ಸಿಗಬೇಕು.

ಬಿಳಿಕಪ್ಪು (ಕುವೆಂಪುನಗರ)
ಟ್ರಾನ್ಸ್‌ಪೋಸ್ ಮಾತು ನಿಜ. ಮೊದಲ ಗಾಯಕಿಯ ಶ್ರುತಿ ಐದೂವರೆ ಮನೆ, ಆಮೇಲೆ ಬರುವವರು ಒಂದೂವರೆ, ನಡುವೆ ನಿರೂಪಕರು ಎರಡು ಮಾತಾಡುವಷ್ಟು ಸಮಯ. ಅಷ್ಟರಲ್ಲಿ ಜಿ ಶಾರ್ಪಿನಿಂದ ಸಿ ಶಾರ್ಪಿಗೆ ಹೋಗಬೇಕು.

ಪಿಯಾನೋ ಮಿಸ್
ಟ್ರಾನ್ಸ್‌ಪೋಸ್ ಯಾಕೆ? ಎಲ್ಲ ಸ್ಕೇಲಿನಲ್ಲೂ ನುಡಿಸಲು ಕಲಿಸಿದ್ದಲ್ಲವೇ ನಿಮ್ಮ ಟೀಚರ್?

ಹಳೇ ಆರ್ಕೆಸ್ಟ್ರಾ (ಮಂಡ್ಯ)
ಮಿಸ್, ರಾತ್ರಿ ಒಂದು ಗಂಟೆಗೆ ಬನ್ನಿ ಒಂದು ಸಲ ಕಾರ್ಯಕ್ರಮಕ್ಕೆ. ಆಮೇಲೆ ಮಾತಾಡೋಣ.

ಪಿಯಾನೋ ಮಿಸ್
ಕರೆಯಿರಿ ಸರ್, ಬರುತ್ತೇನೆ. ಕೈ ಇಲ್ಲದ ಕುರ್ಚಿ ನಾನೇ ತರುತ್ತೇನೆ.

ಗಮಕಪ್ರಿಯ
ನನ್ನ ಸಲಹೆ ಕೇಳಿ. ಕೆಳಗೆ ವೆಯ್ಟೆಡ್, ಮೇಲೆ ನಿಮ್ಮ ಹಳೇ 61. ಎರಡು ಹಂತದ ಸ್ಟ್ಯಾಂಡ್. ಪಿಯಾನೋ ಕೆಳಗೆ, ಕೊಳಲು ಸ್ಟ್ರಿಂಗ್ಸ್ ಮೇಲೆ. ಬೆಂಡ್ ಮೇಲಿನದರಲ್ಲಿ ಇದ್ದೇ ಇದೆ. ಆಗ ಎಫ್‌ಪಿ-30ಎಕ್ಸ್ ತಗೊಂಡರೂ ತೊಂದರೆಯಿಲ್ಲ. ಸುಗಮ ಸಂಗೀತಕ್ಕೆ ವೆಯ್ಟೆಡ್ ಒಂದೇ ಒಯ್ಯಿರಿ, ರಿಸೆಪ್ಷನ್‌ಗೆ ಎರಡೂ.

ತಬಲಾ ಪಕ್ಕದವ
ಓಮ್ನಿಯಲ್ಲಿ ನಾನು ಎಲ್ಲಿ ಕೂರಲಿ?

ಬಿಳಿಕಪ್ಪು (ಕುವೆಂಪುನಗರ)
ನಿನ್ನೆ ಬೆಂಗಳೂರಿಗೆ ಹೋಗಿ ಅಂಗಡಿಯಲ್ಲಿ ನುಡಿಸಿ ಬಂದೆ. ಹೆಡ್‌ಫೋನ್ ಬಿಟ್ಟು, ಅವರ ಸ್ಪೀಕರಿಗೆ ಹಾಕಿಸಿ ಕೇಳಿದೆ. ಎಫ್‌ಪಿ-30ಎಕ್ಸ್ ಮತ್ತು ಆರ್‌ಡಿ-88 ಎರಡರ ಕೀಯೂ ಒಂದೇ, ಪಿಎಚ್‌ಎ-4 ಸ್ಟ್ಯಾಂಡರ್ಡ್. ಮೂರು ಸೆನ್ಸರ್ ಇರುವುದರಿಂದ ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಮತ್ತೆ ಒತ್ತಿದರೂ ಸ್ವರ ಹಿಡಿಯುತ್ತದೆ. ಮೆಲ್ಲಗೆ ನುಡಿಸುವುದು ಎಷ್ಟು ಸಲೀಸು! ಮೇಲೆ ಸ್ವಲ್ಪ ತರಿ ಇದೆ, ಬೆವರಿದ ಬೆರಳು ಜಾರಲ್ಲ.

ಸಿಕೆ88 ಕೂಡ ನೋಡಿದೆ. ಎಲ್ಲ ಕೈಗೆ ಸಿಗುವ ಬಟನ್, ಆರ್ಗನ್ನಿನ ಡ್ರಾಬಾರ್ ಥರದ ಸ್ಲೈಡರ್, ಒಳಗೇ ಸ್ಪೀಕರ್. ಓಡಾಡಿಸಲು ಅದೇ ಹಿತ. ಆದರೆ ಕೀ ಯಮಾಹಾದ ಜಿಎಚ್‌ಎಸ್ ಅನ್ನುವ ಬಗೆ, ನನ್ನ ಬೆರಳು ರೋಲ್ಯಾಂಡ್ ಕಡೆಯೇ ಎಳೆಯಿತು. ಬೆಲೆಯೂ ನನ್ನ ಕೈ ಮೀರಿತು. ಕ್ಯಾಸಿಯೋ ಹೊರಲು ಸುಖ, ಆದರೆ ಕೀ ಹಿಂಭಾಗದಲ್ಲಿ ಒತ್ತಿದಾಗ ಗಟ್ಟಿ ಅನ್ನಿಸಿತು. ತೆಳ್ಳಗೆ ಮಾಡಿದ್ದಕ್ಕೆ ಅಷ್ಟು ತೆರಬೇಕೇನೋ.

ಒಟ್ಟಿನಲ್ಲಿ ಮನಸ್ಸು ಆರ್‌ಡಿ-88 ಕಡೆ. ಬೆಂಡ್ ಇದೆ, ಚಿಕ್ಕ ಸ್ಪೀಕರ್ ಇದೆ, ಮೈಕ್ ಹಾಕಲು ಜ್ಯಾಕ್ ಕೂಡ ಇದೆ. ಹೊಸದು ಬಜೆಟ್ ದಾಟುತ್ತದೆ. ಮಂಡ್ಯದಲ್ಲಿ ಒಬ್ಬರು ಮಾರುತ್ತಿದ್ದಾರಂತೆ. ಭಾನುವಾರ ನೋಡಲು ಹೋಗುತ್ತಿದ್ದೇನೆ. ಏನೇನು ಪರೀಕ್ಷಿಸಲಿ?

ಸೌಂಡ್ ಚೆಕ್
ಒಳಗಿನ ಸ್ಪೀಕರನ್ನು ನಂಬಿ ಕಾರ್ಯಕ್ರಮ ಒಪ್ಪಿಕೊಳ್ಳಬೇಡಿ. 6 ವ್ಯಾಟ್‌ನ ಎರಡು. ಮನೆಯ ಅಭ್ಯಾಸಕ್ಕೆ, ಸೀಮಂತ ನಾಮಕರಣದ ಕೋಣೆಗೆ ಸರಿ. ಪಕ್ಕದಲ್ಲಿ ಡೋಲಕ್ ಇದ್ದರೆ ಕೇಳಿಸಲ್ಲ.

ಸೋಲ್ಡರಿಂಗ್ (ಮೈಸೂರು)
ಒಂದು ಪಿಯಾನೋ ಸೌಂಡ್ ಇಟ್ಟು ಎಡದಿಂದ ಬಲಕ್ಕೆ 88 ಕೀಯನ್ನೂ ಒಂದೊಂದಾಗಿ ಮೆಲ್ಲಗೆ ಒತ್ತಿ. ಎಷ್ಟು ಮೆಲ್ಲಗೆ ಅಂದರೆ ಸ್ವರ ಇನ್ನೇನು ಹುಟ್ಟಬೇಕು ಅನ್ನುವಷ್ಟು. ಕಿರುಚಿದ್ದು ಯಾವುದು ಗುರುತು ಮಾಡಿಕೊಳ್ಳಿ. ಹತ್ತಿರ ಹತ್ತಿರದ ಎರಡು ಮೂರು ಕೀ ಕಿರುಚಿದರೆ ಅಲ್ಲಿ ಏನೋ ಚೆಲ್ಲಿದೆ, ಟೀಯೋ ಜ್ಯೂಸೋ. ಆಮೇಲೆ ಕಣ್ಣು ಕೀ ಮಟ್ಟಕ್ಕೆ ಇಳಿಸಿ ಪಕ್ಕದಿಂದ ನೋಡಿ, ಒಂದಾದರೂ ತಗ್ಗಿ ಕೂತಿದೆಯಾ ಅಂತ. ಜ್ಯಾಕ್ ಹಾಕಿ ಅಲ್ಲಾಡಿಸಿ, ಕರಕರ ಅಂದರೆ ಬೆಲೆ ಇಳಿಸಿ. ಬೆಂಡ್ ಲಿವರ್ ತಳ್ಳಿ ಬಿಟ್ಟಾಗ ಸ್ವರ ಸರಿಯಾಗಿ ಮೊದಲಿನ ಜಾಗಕ್ಕೆ ಬರಬೇಕು. ಅಡಾಪ್ಟರ್ ಅದರದ್ದೇನಾ, ಬೇರೆ ತಂದಿಟ್ಟಿದ್ದಾ ಕೇಳಿ. ಬಿಲ್ ಇದ್ದರೆ ತಗೊಳ್ಳಿ. ಗದ್ದೆ ಪಕ್ಕ ಎಷ್ಟು ಕಾರ್ಯಕ್ರಮ ಮಾಡಿದೆ ಅಂತ ಕೇಳಿ, ನಿಜ ಹೇಳಲ್ಲ, ಆದರೂ ಕೇಳಿ. 😄

ಹಳೇ ಆರ್ಕೆಸ್ಟ್ರಾ (ಮಂಡ್ಯ)
ಮಂಡ್ಯದಲ್ಲಿ ಎಲ್ಲಿ? ಬಸ್ ಸ್ಟ್ಯಾಂಡಿಗೆ ಬಂದು ಹೇಳಿ, ನಾನೂ ಬರ್ತೀನಿ. ಚೌಕಾಸಿಗೆ ಒಬ್ಬರು ಇರಬೇಕು. ವೆಯ್ಟೆಡ್ ಬೇಡ ಅನ್ನೋ ಮಾತು ನಾನು ವಾಪಸ್ ತಗೊಂಡಿಲ್ಲ, ಅದು ಬೇರೆ.

ಬಿಳಿಕಪ್ಪು (ಕುವೆಂಪುನಗರ)
ಬನ್ನಿ ಅಣ್ಣ, ತುಂಬಾ ಉಪಕಾರ. ಹತ್ತೂವರೆಗೆ ಸಿಗುತ್ತೇನೆ. ಸಿಕ್ಕಿದರೆ ಅವತ್ತೇ ತಂದುಬಿಡೋಣ ಅಂತ ಓಮ್ನಿ ಕೇಳಿದ್ದೇನೆ.

ಒಂಟಿಕೊಪ್ಪಲಿನವ
ಕೇಸ್ ಸೇರಿಸಿ ಕೊಡ್ತಾರಾ ಅಂತ ಈಗಲೇ ಫೋನ್ ಮಾಡಿ ಕೇಳಿ. 88 ಕೀಯ ಗಟ್ಟಿ ಕೇಸ್ ಬೇರೆ ತಗೊಂಡರೆ ಅದೇ ಒಂದು ಖರ್ಚು. ಇಲ್ಲ ಅಂದರೆ ಎರಡು ದಪ್ಪ ಕಂಬಳಿ ಹಾಕಿಕೊಂಡು ಹೋಗಿ.